ಹಳೆ ಫೋನಿನಲ್ಲಿ ಕಾಣದ ಬಟನ್

ತುರೋರಿ ಹತ್ತಿರ ಬಸ್ಸು ಮಗುಚಿದ ಸುದ್ದಿ ಬಂದಾಗ ಭುವನೇಶ್ವರಿ ಉಮರ್ಗಾದ ತನ್ನ ಅಂಗಡಿಯಲ್ಲಿ ಲಗ್ನಪತ್ರಿಕೆಯೊಂದನ್ನು ಜೋಡಿಸುತ್ತಿದ್ದಳು. ಅದನ್ನು ಅಲ್ಲೇ ಬಿಟ್ಟು, ರಕ್ತದಾನಿಗಳಿಗಾಗಿ ತಾನೇ ಕಟ್ಟಿದ್ದ ವೆಬ್‌ಸೈಟಿನಿಂದ ಎಲ್ಲರಿಗೂ ಮೆಸೇಜು ಕಳಿಸಿದಳು. ಅದರಲ್ಲಿನ ಲಿಂಕ್ ತೆರೆದು ‘ಬರ್ತೀನಿ’ ಬಟನ್ ಒತ್ತಿದವರಿಗೆ ಎಲ್ಲಿಗೆ ಬರಬೇಕೆಂದು ತಿಳಿಯುತ್ತಿತ್ತು.

ಗಾಯಾಳುಗಳ ಜೊತೆ ಆಸ್ಪತ್ರೆಯಲ್ಲಿದ್ದ ಅಣ್ಣ ಗುರುಶಾಂತ ಫೋನು ಮಾಡಿದ. “ಭುವನಾ, ಆ ಬಸ್ಸಿನ ಕಂಡಕ್ಟರ್ ದ್ರೌಪದಿಬಾಯಿಗಿ ಓ ನೆಗೆಟಿವ್ ಬೇಕಾಗ್ಯಾದ, ಒಬ್ಬರೂ ಸಿಗವಲ್ರು. ನಿಲಂಗಾದವರು ಫೋನ್ ಮಾಡಿ ಬಟನ್ನೇ ಕಾಣವಲ್ದು ಅಂತಾರ. ಎಲ್ಲಿಗಿ ಬರಬೇಕಂತ ಅವರಿಗಿ ನಾ ಬಾಯಿಲೇ ಹೇಳ್ದೆ. ಫೋನ್ ಮಾಡ್ದೇ ಸುಮ್ನಾದವ್ರು ಎಷ್ಟು ಮಂದಿ ಅದಾರೋ!”

ಪಕ್ಕದ ಚಹಾದಂಗಡಿಯ ಕಾಶೆಪ್ಪನ ಹಳೆ ಫೋನು ಇಸಿದುಕೊಂಡು ನೋಡಿದಳು. ಹೌದು, ಪುಟದ ಮೇಲಿನ ಚಿತ್ರ ಜಾರಿ ಬಟನ್ನನ್ನು ಮುಚ್ಚಿತ್ತು. ಆ ಹಳೆ ಬ್ರೌಸರಿಗೆ ಹೊಸ ವಿನ್ಯಾಸ ತಿಳಿಯುತ್ತಿರಲಿಲ್ಲ. ಬ್ರೌಸರ್ ಯಾವುದೆಂದು ನೋಡಿ ಅದಕ್ಕೆ ತಕ್ಕ ಸ್ಟೈಲ್‌ಶೀಟ್, ಅಂದರೆ ಪುಟದ ವಿನ್ಯಾಸದ ಸೂಚನೆ, ಕಳಿಸುವ ಪ್ಲಗಿನ್ ಎಂಬ ಪುಟ್ಟ ಪ್ರೋಗ್ರಾಂ ಒಂದಿತ್ತು. ಹಾಕೋಣ ಹಾಕೋಣ ಎಂದು ಮುಂದೂಡುತ್ತಲೇ ಬಂದಿದ್ದಳು. ಈಗ ಅದನ್ನು ಹಾಕಿ, ಹಳೆ ಬ್ರೌಸರಿಗೆ ಚಿತ್ರ ತೆಗೆದು ಬಟನ್ ಮೇಲೆ ತರುವಂತೆ ಬರೆದಳು.

“ಈಗ ಕಂಡ್ತು ನೋಡವ್ವಾ!” ಎಂದ ಕಾಶೆಪ್ಪ.

ಆದರೆ ಅಷ್ಟರಲ್ಲೇ ಬರುತ್ತಿದ್ದ ಉತ್ತರಗಳೆಲ್ಲ ನಿಂತುಹೋದವು. ತನ್ನ ಹೊಸ ಫೋನಿನಲ್ಲಿ ಸೈಟು ತೆರೆದರೆ ಅಕ್ಷರದ ಮೇಲೆ ಅಕ್ಷರ ಬಿದ್ದಿತ್ತು, ಬಟನ್ ಎಲ್ಲೂ ಇಲ್ಲ. ಬೇಗ ತೆರೆಯಲೆಂದು ಸೈಟು ಪುಟದ ಒಂದು ನಕಲನ್ನು ಸಿದ್ಧವಾಗಿಟ್ಟುಕೊಳ್ಳುತ್ತಿತ್ತು. ಕಾಶೆಪ್ಪನ ಫೋನಿಗೆಂದು ತಯಾರಾದ ನಕಲೇ ಈಗ ಎಲ್ಲರಿಗೂ ಹೋಗುತ್ತಿತ್ತು. ಇದ್ದ ದಾರಿಯನ್ನೂ ತಾನೇ ಮುಚ್ಚಿದ್ದಳು.

“ಭುವನಾ, ಆಕಿದು ಬಿ.ಪಿ. ಇಳೀಲಾಕತ್ತದ!” ಅಣ್ಣ ಮತ್ತೆ ಫೋನಿನಲ್ಲಿ ಕೂಗಿದ.

ಪ್ಲಗಿನ್ ತೆಗೆದರೆ ಹಳೆ ಫೋನಿನವರಿಗೆ ಮತ್ತೆ ಬಟನ್ ಕಾಣುವುದಿಲ್ಲ. ಅದನ್ನು ಹಾಗೇ ಬಿಟ್ಟು, ನಕಲನ್ನು ಅಳಿಸಿ, ಇನ್ನು ಮುಂದೆ ನಕಲು ಇಡದಂತೆ ಮಾಡಿದಳು. ಅವಸರದಲ್ಲಿ ಎರಡು ಸಲ ತಪ್ಪು ಕಡೆ ಒತ್ತಿದಳು. ಸೈಟು ಆಮೆಯಂತೆ ನಿಧಾನವಾಯಿತು. ಆದರೂ ಎರಡೂ ಫೋನಿನಲ್ಲಿ ಬಟನ್ ಕಂಡಿತು.

ಉದಗೀರದಿಂದ ಒಂದು ಉತ್ತರ ಬಂತು, ರಕ್ತದ ಗುಂಪು ಬೇರೆ. ಆಮೇಲೆ ಔರಾದ ಶಹಾಜನಿಯಿಂದ ಇನ್ನೊಂದು: ಶಿವಕಾಂತಾ, ಓ ನೆಗೆಟಿವ್. ಭುವನೇಶ್ವರಿ ಕೂಡಲೇ ಆಕೆಗೆ ಫೋನು ಹಚ್ಚಿದಳು.

“ಆಗಿಂದ ನೋಡ್ಲಾಕತ್ತೀನ್ರೀ, ಎಲ್ಲಿ ಒತ್ಬೇಕಂತ ತಿಳೀವಲ್ದಾಗಿತ್ತು,” ಎಂದಳು ಶಿವಕಾಂತಾ. “ಗಂಡ ಗಾಡಿ ತೆಗ್ದಾನ, ಹೊಂಟೀವಿ.”

ಹೊತ್ತು ಮುಳುಗುವ ಮುನ್ನ ಗುರುಶಾಂತ ಮತ್ತೆ ಫೋನು ಮಾಡಿದ. “ರಕ್ತ ಏರಿಸ್ಯಾರ. ಬದುಕ್ತಾಳ ಅಂದಾರ ಡಾಕ್ಟರ್.”

ಭುವನೇಶ್ವರಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ರಸ್ತೆಯವರು ನೋಡುತ್ತಿದ್ದರೂ ಲೆಕ್ಕಿಸದೆ ಅತ್ತಳು.