ಗಾಡಿಕುದುರೆಯ ಗಾಯ

ಪ್ರಫುಲ್ಲಾ ಬ್ಯಾಂಡೇಜು ಬಟ್ಟೆ ಸುತ್ತುತ್ತಿದ್ದಳು. ಮುಂಬಯಿಯ ದಾದರಿನ ಪ್ರಾಣಿದಯಾ ಸಂಘಕ್ಕೆ ಸೇವೆಗೆಂದು ಬಂದು ಮೂರು ತಿಂಗಳಾಗಿತ್ತು. ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವಳೆಂದು ಬಟ್ಟೆ ಸುತ್ತುವುದು, ಬಿಸಿನೀರು ಹೊರುವುದು ಇಷ್ಟನ್ನೇ ಅವಳಿಗೆ ವಹಿಸಿದ್ದರು.

ಅಂದು ಬಂದ ವಿಕ್ಟೋರಿಯಾ ಗಾಡಿಯ ಕುದುರೆ ಕೀವು ತುಂಬಿದ ಕಾಲು ಮುಟ್ಟಗೊಡದೆ ಇಬ್ಬರನ್ನು ಒದ್ದಿತು.

“ಇವತ್ತು ತೊಳೀದಿದ್ರೆ ಕಾಲೇ ಹೋಗುತ್ತೆ,” ಎಂದು ಡಾಕ್ಟರು ಬೆವರೊರೆಸಿಕೊಂಡರು.

ಪ್ರಫುಲ್ಲಾ ಎದ್ದಳು.

“ನೊಣಕ್ಕೇ ಹೆದರುವವಳು ನೀನು, ಸುಮ್ನೆ ಕೂತ್ಕೊ ಮಾರಾಯ್ತಿ,” ಎಂದು ಜೊತೆಯ ಚಂಪಕ್ಕ ನಕ್ಕಳು.

ಔಷಧದ ಹೊಳೆಯುವ ಬೋಗುಣಿ ಕಂಡಾಗಲೆಲ್ಲ ಕುದುರೆ ಬೆದರುವುದನ್ನು ಪ್ರಫುಲ್ಲಾ ಗಮನಿಸಿದ್ದಳು. ಸೆರಗಿನಿಂದ ಅದರ ಕಣ್ಣು ಮುಚ್ಚಿ ಕೊರಳು ಸವರಿದಳು. ಕುದುರೆ ತಣ್ಣಗೆ ನಿಂತು ಡಾಕ್ಟರ ಕೈಗೆ ಕಾಲು ಕೊಟ್ಟಿತು.

“ಹಾಗೇ ಹಿಡ್ಕೊಳಮ್ಮ, ನೀನಿಲ್ದೆ ಆಗೋ ಕೆಲಸ ಅಲ್ಲ ಇದು,” ಎಂದರು ಅವರು.

ಪ್ರಫುಲ್ಲಾಳ ಬೆನ್ನು ತಾನಾಗಿ ನೆಟ್ಟಗಾಯಿತು. ಗಾಯ ತೊಳೆಯಲು ಬಿಸಿನೀರು ತರಬೇಕಾದವಳೇ ಕುದುರೆ ಹಿಡಿದು ನಿಂತಿದ್ದಾಳೆಂಬುದು ಯಾರಿಗೂ ಇನ್ನೂ ಹೊಳೆದಿರಲಿಲ್ಲ.

“ಯಾರಾದ್ರೂ ಒಂದು ಕೊಡ ಬಿಸಿನೀರು ತನ್ನಿ,” ಎಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು.