ಕಾಗೆಗೂಡು ಮತ್ತು ಗುಡುಗು ಮೇಡಂ

ಬೇಸಿಗೆ ಶಿಬಿರಕ್ಕೆ ಹೊರಡುವ ಹಿಂದಿನ ದಿನ ಗುಬ್ಬಿ ತನ್ನ ದೊಡ್ಡಮ್ಮನನ್ನು ಅಡುಗೆಮನೆ ಬಾಗಿಲಲ್ಲಿ ಅಡ್ಡಗಟ್ಟಿ, ಕೈಮೇಲೆ ಕೈ ಇಡಿಸಿಕೊಂಡಳು.

"ಅಲ್ಲಿ ನೀನು ನಂಗೆ ದೊಡ್ಡಮ್ಮ ಅಲ್ಲ. ನೀನು ಯಾರೋ, ನಾನು ಯಾರೋ."

"ಆಯ್ತು ಕಣೇ, ಎಷ್ಟು ಸಲ ಹೇಳ್ತೀಯ!"

ಗುಬ್ಬಿಯ ಸಂಕಟ ಗುಬ್ಬಿಗೆ. ದೊಡ್ಡಮ್ಮ ಅವಳ ಶಾಲೆಯಲ್ಲೇ ಆಟದ ಮೇಡಂ. ಗುಬ್ಬಿ ಹತ್ತಿರ ಸುಳಿದರೆ ಸಾಕು, ಹುಡುಗಿಯರ ಗುಸುಗುಸು ಗಪ್‌ಚಿಪ್. "ಹೇಳ್ಬೇಡ್ರೇ, ಮನೆಗೆ ಹೋಗಿ ಊದ್ತಾಳೆ." ಹೀಗಾಗಿ ಅವಳಿಗೆ ಒಬ್ಬಳಾದರೂ ಗೆಳತಿ ಇರಲಿಲ್ಲ. ಶಿಬಿರಕ್ಕೆ ಬರುವವರೆಲ್ಲ ಬೇರೆ ಶಾಲೆಯವರು, ಅಲ್ಲಾದರೂ ನಾಲ್ಕು ಜನ ಸಿಕ್ಕಾರು ಎಂದುಕೊಂಡರೆ, ಹಗ್ಗದ ಗಂಟು ಕಲಿಸಿ ಹುಡುಗಿಯರ ಕೋಣೆ ನೋಡಿಕೊಳ್ಳುವುದಕ್ಕೆ ದೊಡ್ಡಮ್ಮನನ್ನೇ ಕರೆಯಬೇಕೆ!

ದೊಡ್ಡಮ್ಮ ಯಾವುದನ್ನೂ ಅರ್ಧಂಬರ್ಧ ಮಾಡುವ ಪೈಕಿ ಅಲ್ಲ. ಬಸ್ಸಿನ ದಾರಿಯುದ್ದಕ್ಕೂ ತನ್ನ ಭುಜಕ್ಕೆ ಜೊಲ್ಲು ಸುರಿಸಿಕೊಂಡು ಮಲಗಿದ್ದ ಮಗುವನ್ನು ಶಿಬಿರದ ಗೇಟು ದಾಟಿದ್ದೇ ತಡ ಮೇಲಿಂದ ಕೆಳಗೆ ನೋಡಿ, "ಏ ಹುಡುಗಿ! ಯಾರು ನೀನು? ಯಾರ ಮನೆ ಮಗು?" ಎಂದು ಗುಡುಗಿದಳು. ಗೇಟು ಕಾಯುವವನ ಕೈಯಲ್ಲಿದ್ದ ಟೀ ತುಳುಕಿತು. ಗುಬ್ಬಿಗೂ ಒಂದು ಕ್ಷಣ ತಾನು ಯಾರ ಮನೆ ಮಗು ಎಂಬುದು ಮರೆತುಹೋಯಿತು.

ಒಂದು ವಿಷಯ ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ. ಗುಬ್ಬಿಗೆ ಜಡೆ ಹಾಕಿಕೊಳ್ಳಲು ಬರುವುದಿಲ್ಲ. ಹುಟ್ಟಿದಾಗಿನಿಂದ ಅವಳ ತಲೆ ದೊಡ್ಡಮ್ಮನ ಪಾಲಿನದು. ದಿನಾ ಬೆಳಿಗ್ಗೆ ನಾಲ್ಕು ಎಳೆಯ ಬಿಗಿ ಜಡೆ. ಶಿಬಿರದ ಮೊದಲ ಬೆಳಿಗ್ಗೆ ಗುಬ್ಬಿ ತಾನೇ ಬಾಚಲು ಹೋದಳು. ಬಾಚಣಿಗೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಮೇಲಿನ ಮಂಚದಿಂದ ಟೋಪಿ ಹಾಕಿದ ತಲೆಯೊಂದು ಇಣುಕಿತು. ಆ ಹುಡುಗಿ ಮಲಗುವಾಗಲೂ ಟೋಪಿ ತೆಗೆಯದವಳು, ಎಲ್ಲರ ಬಾಯಲ್ಲೂ ಆಗಲೇ ಕ್ಯಾಪ್ಟನ್.

"ಲೇ, ಕಾಗೆ ಗೂಡು ಕಟ್ಟಿದೆ ಕಣ್ರೇ!"

ಪಕ್ಕದ ಮಂಚದ ಚಿಕ್ಕವಳು ನಕ್ಕು ನಕ್ಕು ಬಿಕ್ಕಳಿಸಿದಳು. ನಕ್ಕರೆ ಅವಳಿಗೆ ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ. ಹಾಗೆ ಗುಬ್ಬಿ ಕಾಗೆಗೂಡಾದಳು, ಚಿಕ್ಕವಳು ಬಿಕ್ಕಳಿಕೆಯಾದಳು.

ಆ ಕೂದಲು ಕಂಡು ದೊಡ್ಡಮ್ಮನ ಬೆರಳೆಲ್ಲ ತುರಿಸತೊಡಗಿದವು. ಮುಟ್ಟುವಂತಿಲ್ಲ, ಮಾತು ಕೊಟ್ಟಾಗಿದೆ. ಆ ತುರಿಕೆಯೆಲ್ಲ ನಾಲಿಗೆಗೆ ಏರಿತು. "ಏ ಹುಡುಗಿ, ಅದೇನು ತಲೆಯೋ ಪೊರಕೆಯೋ?" "ಏ ಹುಡುಗಿ, ಚಪ್ಪಲಿ ಎಡಬಲ ಗೊತ್ತಾಗಲ್ವಾ?" ಕೋಣೆಯಲ್ಲಿ ಯಾರು ಏನೇ ಮಾಡಲಿ, ಬೈಗುಳ ಗುಬ್ಬಿಗೇ.

"ಈ ಗುಡುಗು ಮೇಡಂಗೆ ನಿನ್ನ ಕಂಡ್ರೆ ಯಾಕೆ ಅಷ್ಟು ಸಿಟ್ಟು?" ಎಂದಳು ಕ್ಯಾಪ್ಟನ್. "ಹೋದ ಜನ್ಮದ ಹಗೆ ಇರ್ಬೇಕು."

"ಇರ್ಬೇಕು" ಎಂದಳು ಗುಬ್ಬಿ, ಬಾಡಿದ ಮುಖ ಮಾಡಿ.

ಅದೇ ಅವಳ ಅದೃಷ್ಟದ ಬಾಗಿಲು. ಕ್ಯಾಪ್ಟನ್ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು. ಬಿಕ್ಕಳಿಕೆ ತನ್ನ ಗುಟ್ಟನ್ನೆಲ್ಲ ಕಿವಿಯಲ್ಲಿ ಹೇಳಿದಳು. ಗುಬ್ಬಿ ಗಾಳಿಯಲ್ಲಿ ತೇಲಿದಳು. ಆದರೆ ಸಂಜೆ ಕ್ಯಾಪ್ಟನ್ ಮಂಚದ ಮೇಲೆ ನಿಂತು ಸಾರಿದಳು:

"ಮೇಡಂ ಕಾಗೆಗೂಡಿನ ಹತ್ರ ಕ್ಷಮೆ ಕೇಳೋವರೆಗೂ ಈ ಕೋಣೇಲಿ ಯಾರೂ ತಲೆ ಬಾಚ್ಕೋಬಾರದು!"

ಮರುದಿನ ಇಡೀ ಕೋಣೆ ಬಿರುಗಾಳಿಗೆ ಸಿಕ್ಕ ಹುಲ್ಲಿನ ಬಣವೆಯಂತೆ ಎದ್ದು ಬಂತು. ತಲೆ ಕೆರೆದುಕೊಳ್ಳುತ್ತಲೇ ತಿಂಡಿ, ಕೆರೆದುಕೊಳ್ಳುತ್ತಲೇ ಓಟ. ಗುಬ್ಬಿ ಮಾತ್ರ ಲೆಕ್ಕ ಹಾಕುತ್ತಿದ್ದಳು. ನಿಜ ಹೊರಬಿದ್ದರೆ ಕಿಟಕಿ ಜಾಗವೂ ಹೋಯಿತು, ಗುಟ್ಟೂ ಹೋಯಿತು, ಗೆಳತಿಯರೂ ಹೋದರು.

ಗಂಟು ಕಲಿಯುವ ಹೊತ್ತಿಗೆ ಎಲ್ಲರೂ ಮರದ ಕೆಳಗೆ ಕೂತರು. ದೊಡ್ಡಮ್ಮ ಬೆಂಚಿನ ಮೇಲೆ. ಕ್ಯಾಪ್ಟನ್ ಬೇಕೆಂದೇ ಗುಬ್ಬಿಯನ್ನು ತೀರ ಮುಂದಕ್ಕೆ ತಳ್ಳಿದಳು.

"ಇವತ್ತು ಹಗ್ಗ ಹೆಣೆಯೋದು. ನಾಲ್ಕು ಎಳೆ ತಗೋಬೇಕು..."

ಎಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಗುಬ್ಬಿಯ ಬೆನ್ನು ತನ್ನಷ್ಟಕ್ಕೆ ತಿರುಗಿ ದೊಡ್ಡಮ್ಮನ ಮೊಣಕಾಲಿಗೆ ಒರಗಿತು. ದೊಡ್ಡಮ್ಮನ ಮಡಿಲಿಂದ ಹಗ್ಗ ಜಾರಿತು. ಕೈ ಸುಮ್ಮನಿರಲಿಲ್ಲ. "ಹೊರಗಿಂದು ಒಳಗೆ, ಒಳಗಿಂದು ಕೆಳಗೆ, ಬಿಗಿಯಾಗಿ ಎಳೀಬೇಕು, ಅಯ್ಯೋ ಅಂದ್ರೂ ಬಿಡಬಾರದು..." ಗುಬ್ಬಿ ಅಯ್ಯೋ ಎಂದಳು. ದೊಡ್ಡಮ್ಮ ಬಿಡಲಿಲ್ಲ. ಕೊನೆಗೆ ತುದಿಗೆ ಗಂಟು ಬಿಗಿದು, ನೆತ್ತಿಗೊಂದು ತಟ್ಟಿ, ಮನೆಯಲ್ಲಿ ದಿನಾ ಹೇಳುವಂತೆಯೇ ಹೇಳಿದಳು:

"ಹೂಂ, ಏಳು ಬಂಗಾರಿ. ಹಾಲು ಕುಡಿ."

ಮರದಡಿ ಎಲ್ಲರ ಕೈಯಲ್ಲಿ ಹಗ್ಗ ಅರ್ಧಕ್ಕೇ ನಿಂತಿತು. ಬಿಕ್ಕಳಿಕೆ ಒಮ್ಮೆ ಬಿಕ್ಕಳಿಸಿದಳು.

ದೊಡ್ಡಮ್ಮ ತನ್ನ ಕೈ ನೋಡಿಕೊಂಡಳು, ಜಡೆ ನೋಡಿದಳು, ಕೊಟ್ಟ ಮಾತು ನೆನಪಾಯಿತು. "ಏ ಹುಡುಗಿ!" ಎಂದು ಗುಡುಗಿದಳು. "ನಿನ್ನ ತಲೆ ನನ್ನ ಕೈಗೆ ಯಾಕೆ ಬಂತು?"

ಗುಬ್ಬಿ ತಿರುಗಿ ನೋಡಿದಳು. ದೊಡ್ಡಮ್ಮನ ಬಾಯಿ ಗದರುತ್ತಿತ್ತು, ಕಣ್ಣು ಬೇಡಿಕೊಳ್ಳುತ್ತಿತ್ತು. ಕೊಟ್ಟ ಮಾತಿಗೆ ಇಷ್ಟು ಒದ್ದಾಡುವವರನ್ನು ಇನ್ನೆಷ್ಟು ಹೊತ್ತು ಯಾರೋ ಎನ್ನುವುದು?

"ಸಾಕು ಬಿಡು ದೊಡ್ಡಮ್ಮ" ಎಂದಳು. ಆಮೇಲೆ ಎಲ್ಲರ ಕಡೆಗೆ, "ಇವರು ನಮ್ಮ ದೊಡ್ಡಮ್ಮ. ನೀವು ನನ್ನ ಸೇರಿಸ್ಕೊಳ್ಳಲ್ಲ ಅಂತ ನಾನೇ ಮುಚ್ಚಿಡೋಕೆ ಹೇಳಿದ್ದು."

"ಎಲಾ ಇವಳ!" ಕ್ಯಾಪ್ಟನ್ ಎದ್ದು ನಿಂತಳು. "ನಿನಗೋಸ್ಕರ ನಾವು ತಲೆ ಕೆರ್ಕೊಂಡು ಸಾಯ್ತಿದೀವಿ, ನೀನು..."

ಅವಳ ಮಾತು ಮುಗಿಯುವ ಮೊದಲೇ ಬಿಕ್ಕಳಿಕೆ ಜಡೆ ಹಿಡಿದು ಎಳೆದು ನೋಡಿದಳು. "ಇದು ಓಡಿದ್ರೂ ಬಿಚ್ಚಲ್ವಾ?"

"ಮರ ಹತ್ತಿದ್ರೂ ಬಿಚ್ಚಲ್ಲ" ಎಂದಳು ಗುಬ್ಬಿ.

"ಮೇಡಂ, ನಂಗೂ... ಹಿಕ್!"

ಮುಷ್ಕರ ಅಲ್ಲಿಗೆ ಮುರಿದುಬಿತ್ತು. ಬೆಂಚಿನ ಮುಂದೆ ಸಾಲು ಬೆಳೆಯಿತು. ಎಲ್ಲರ ಕೊನೆಗೆ ಕ್ಯಾಪ್ಟನ್ ಬಂದು, ಅತ್ತಿತ್ತ ನೋಡಿ, ಟೋಪಿ ತೆಗೆದಳು. ತಮ್ಮನ ಕತ್ತರಿಗೆ ಸಿಕ್ಕ ತಲೆ ಅದು. ಅಲ್ಲೊಂದು ಗಿಡ, ಇಲ್ಲೊಂದು ಬಯಲು. ಯಾರೂ ನಗಲಿಲ್ಲ. ನಗದೆ ಇರಲು ಬಿಕ್ಕಳಿಕೆ ಬಾಯಿಗೆ ಎರಡೂ ಕೈ ಒತ್ತಿ ಹಿಡಿದಿದ್ದಳು. ದೊಡ್ಡಮ್ಮ ಸಿಕ್ಕಷ್ಟನ್ನೇ ಹಿಡಿದು ಮೇಕೆಯ ಬಾಲದಂಥ ಒಂದು ಜಡೆ ನಿಲ್ಲಿಸಿದಳು. ಕ್ಯಾಪ್ಟನ್ ಅದನ್ನು ಮುಟ್ಟಿ ನೋಡಿಕೊಂಡು ಟೋಪಿಯನ್ನು ಜೇಬಿಗೆ ತುರುಕಿದಳು.

"ಕಿಟಕಿ ಜಾಗ ಇನ್ಮೇಲೆ ಒಂದು ದಿನ ನಿಂದು, ಒಂದು ದಿನ ನಂದು. ಪೂರ್ತಿ ಬಿಡಲ್ಲ" ಎಂದಳು ಗುಬ್ಬಿಗೆ.

ಮರುದಿನ ಬೆಳಿಗ್ಗೆ ಗುಬ್ಬಿ ಬಾಚಣಿಗೆ ಹಿಡಿದು ನೇರ ಬೆಂಚಿನ ಮುಂದೆ ಹೋಗಿ ಕೂತಳು.

"ಏ ಹುಡುಗಿ! ಸಾಲು ಕಾಣಲ್ವಾ? ಹಿಂದೆ ಹೋಗು!"

ಈ ಸಲ ಅದು ನಾಟಕವಲ್ಲ. ಗುಬ್ಬಿ ಬಾಡಿದ ಮುಖ ಮಾಡಿ ಕ್ಯಾಪ್ಟನ್ ಕಡೆ ನೋಡಿದಳು.

"ನಿಮ್ಮ ಮನೆ ಜಗಳ. ನಮ್ಮನ್ನ ಎಳೀಬೇಡ" ಎಂದು ಕ್ಯಾಪ್ಟನ್ ಮುಂದೆ ಸರಿದಳು.