ರಿಸೀವರ್ ಮೇಲಿನ ವಿಭೂತಿ

ಕರೀ ರಿಸೀವರ್ ಮೇಲೆ ಬಿಳೀ ಬೆರಳ ಗುರುತು, ನನ್ನದೇ, ಸಂಜೆಯ ಪೂಜೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದವಳು ಫೋನ್ ಬಂತೆಂದು ಹಾಗೇ ಓಡಿದೆ, ಒರೆಸಬೇಕು, ಮೊದಲು ಹುರುಳಿಕಾಯಿ ಹೆಚ್ಚಿಬಿಡೋಣ, ನಾರು ತೆಗೆದು, ಸಣ್ಣಗೆ — ಅಮ್ಮಾ, ಅದು ನಿನ್ನ ವಿಭೂತಿ ಕಣಮ್ಮ ಅಂದಳು ಹೇಮಶ್ರೀ, ಇಟಲಿಯಿಂದ, ಬೆಟ್ಟದ ಹೊಟ್ಟೆಯೊಳಗಿನ ಅವಳ ಲ್ಯಾಬಿನಿಂದ ಹೊರಗೆ ಬಂದು, ನಗುತ್ತಿದ್ದಳೋ ಅಳುತ್ತಿದ್ದಳೋ. ಮೇಲಿದ್ರೆ ಆಕಾಶದಿಂದ ಕಣಗಳ ಮಳೆ ಕಣಮ್ಮ, ನಮ್ಮ ಮೈಯನ್ನೂ ತೂರ್ಕೊಂಡು ಹೋಗುತ್ತೆ, ಆ ಗದ್ದಲದಲ್ಲಿ ನಮ್ಮದು ಗೊತ್ತಾಗಲ್ಲ, ಅದಕ್ಕೇ ಬಂಡೆಯಡಿ — ಹೋದ ವರ್ಷ ರಜಕ್ಕೆ ಬಂದಾಗ ಇದೇ ಮಣೆ ಮೇಲೆ ಕೂತು ಹೇಳಿದ್ದಳು, ಸೂರ್ಯನೊಳಗೆ ಕಣಗಳು ಕೂಡೋದನ್ನ ನಾವಲ್ಲಿ ಮಾಡಿ ನೋಡ್ತೀವಿ, ಕೂಡೋದೇ ಅಪರೂಪ, ಕೂಡಿದಾಗ ಬರೋ ಒಂದು ಸಣ್ಣ ಬೆಳಕಿಗೆ ವಾರಗಟ್ಟಲೆ ಕಾಯಬೇಕು. ಸೂರ್ಯ ಅಷ್ಟು ನಿಧಾನವೇನೇ, ಕೇಳಿದ್ದೆ. ನಿಧಾನಕ್ಕೇ ಇನ್ನೂ ಉರೀತಿದಾನೆ ಕಣಮ್ಮ. ಮೈ ಜುಂ ಎಂದಿತ್ತು. ಈಗ ಆ ಕಾದದ್ದೆಲ್ಲ ಹಾಳು, ಬೇಡದ ಬೆಳಕೊಂದು ನಡುವೆ ತೂರುತ್ತಿದೆಯೆಂದು ತಂತಿ ಬಿಚ್ಚಿ, ಸೀಸದ ಗೋಡೆ ಬಿಚ್ಚಿ ಹುಡುಕಿದರಂತೆ, ಕೊನೆಗೆ ಬೆಳಕು ಹಿಡಿಯೋ ಯಂತ್ರದ ಮುಚ್ಚಳದ ಒಳಗೆ ಬೂದಿ, ಗ್ಲೌಸ್ ಹಾಕ್ಕೊಂಡೇ ಇದ್ದೆ ಅಮ್ಮ, ಅದರಲ್ಲೇ ಹಣೆ ಬೆವರು ಒರೆಸ್ಕೊಂಡ್ಬುಟ್ಟೆ. ನಾನೇ ಬೆರಣಿ ಸುಟ್ಟು, ಸೋಸಿ, ಉಂಡೆ ಕಟ್ಟಿ, ಒಡೆಯದಿರಲೆಂದು ಹತ್ತಿಯಲ್ಲಿ ಸುತ್ತಿ ಕಳಿಸಿದ್ದು, ದಿನಾ ಇಟ್ಕೋ ಕಣೇ, ತಪ್ಪಿಸಬೇಡ. ಪಡಸಾಲೆಯಿಂದ ಯಜಮಾನರು, ನಿನ್ನ ಬೂದಿ ಸೂರ್ಯನ ಲೆಕ್ಕಾನೇ ಕೆಡಿಸ್ಬುಡ್ತಲ್ಲೇ ಗಿರಿಜಾ, ನಗುತ್ತಾರೆ, ನಗಲಿ. ಆ ಯಂತ್ರದಲ್ಲಿ ಇನ್ನೊಂದೇ ಒಂದು ಸರದಿ ಕೊಟ್ಟಿದಾರಮ್ಮ, ಇದೂ ಕೆಟ್ಟರೆ ಮುಗೀತು, ನಾಳೆಯಿಂದ ನಾನು — ಅಲ್ಲಿಗೇ ನಿಂತಳು, ನನಗೆ ಅರ್ಥವಾಯಿತು, ನಾನೇ ಅಂದೆ, ಬುಡು, ಬರೀ ಹಣೇಲೇ ಹೋಗು, ಶಿವ ಏನೂ ಅನ್ಕೊಳ್ಳಲ್ಲ. ಅಂದೆನಲ್ಲ, ಅಷ್ಟು ಸಲೀಸಾಗಿ, ನಾನೇ? ಅವಳು ಮೆಲ್ಲಗೆ, ಬೂದೀಲಿ ಪೊಟ್ಯಾಸಿಯಂ ಇರುತ್ತಮ್ಮ, ಹಸು ತಿಂದ ಹುಲ್ಲಿಂದ ಬಂದಿದ್ದು, ಹೊಳೀತಾನೇ ಇರುತ್ತೆ, ಕಣ್ಣಿಗೆ ಕಾಣಲ್ಲ, ಸೂರ್ಯ ಹುಟ್ಟೋಕೆ ಮುಂಚೆ ಸತ್ತುಹೋದ ಯಾವುದೋ ನಕ್ಷತ್ರದೊಳಗೆ ಬೆಂದಿದ್ದು. ಸೂರ್ಯನಿಗಿಂತ ಹಳೆಯದು, ನಮ್ಮಮ್ಮ ನನ್ನ ಹಣೆಗೆ ಹಚ್ಚಿದ್ದು, ನಾನು ಇವಳ ಹಣೆಗೆ, ಜ್ವರ ಬಂದಾಗ, ಪರೀಕ್ಷೆಗೆ ಹೊರಟಾಗ, ಆಗಲೂ ಹೊಳೆಯುತ್ತಿತ್ತೇ, ಆ ಪುಟ್ಟ ಹಣೆ, ನಾಳೆ ಬಂಡೆಯಡಿ ಬರಿದಾಗಿ — ಹುರುಳಿಕಾಯಿ ಆಯಿತು, ಒದ್ದೆ ಬಟ್ಟೆ ಹಿಡಿದು ಫೋನಿನ ಮುಂದೆ ನಿಂತಿದ್ದೇನೆ, ಒರೆಸಬೇಕು, ಒರೆಸಿದರೆ ಎಲ್ಲಿಗೆ ಹೋಗುತ್ತದೆ, ಕರೀ ರಿಸೀವರ್, ಅದರ ಮೇಲೆ, ಕಾಣದಂತೆ ಹೊಳೆಯುತ್ತಾ, ಬಿಳೀ ಬೆರಳ ಗುರುತು